ವಿಮಲಮ್ಮನವರ ಪಾತ್ರೆ ವಾಪಸಾತಿ

ಎಲ್ಲಕ್ಕೂ ಕಾರಣ ಒಂದು ಸಕ್ಕರೆ ಡಬ್ಬಿ. ಅದರ ತಳವನ್ನು ಯಾರೂ ತಿರುಗಿಸಿ ನೋಡದಿದ್ದರೆ ಕಡೂರಿನ ಆ ಹೊಸ ಬಡಾವಣೆಯ ಎರಡನೇ ಅಡ್ಡರಸ್ತೆ ಇವತ್ತಿಗೂ ನೆಮ್ಮದಿಯಾಗಿರುತ್ತಿತ್ತು.

ಕಡೂರನ್ನು ಮಹಾನಗರವೆಂದು ನಂಬಿದವರು ಇಬ್ಬರೇ. ಒಬ್ಬರು ಅಲ್ಲಿ ಸೈಟು ಮಾರುವವರು. ಇನ್ನೊಬ್ಬರು ಅಜ್ಜಂಪುರದ ಆಚೆಯ ಹಳ್ಳಿಯಿಂದ ಹಿಂದಿನ ಸಂಜೆ ಬಸ್ಸಿಳಿದ ವಿಮಲಮ್ಮ. ಮಗಳು ಸಂಗೀತಾ, ಅಳಿಯ ಕಲ್ಲೇಶ, ಒಂದೂವರೆ ವರ್ಷದ ಮೊಮ್ಮಗಳು ಕೃತಿಕಾ ಇಲ್ಲಿ ಬಾಡಿಗೆ ಮನೆ ಹಿಡಿದು ಎಂಟು ತಿಂಗಳಾಗಿದ್ದರೂ ವಿಮಲಮ್ಮ ಬಂದದ್ದು ಇದೇ ಮೊದಲು. ಮೊಮ್ಮಗಳ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಅವರು ಕಾಲು ಉಳುಕಿಸಿಕೊಂಡು ಊರಲ್ಲೇ ಮಲಗಿದ್ದರು.

ಸಂಗೀತಾಗೆ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಅಂದೇ ಮೊದಲ ದಿನ. ಹೊಸ ಚಪ್ಪಲಿ ಮೆಟ್ಟುತ್ತಾ ಅಮ್ಮನಿಗೆ ಷರತ್ತು ಹಾಕಿದಳು.

"ನೋಡಮ್ಮ, ಇದು ನಮ್ಮೂರಲ್ಲ. ಬೀದಿಯವರ ಉಸಾಬರಿಗೆ ಹೋಗ್ಬೇಡ. ಇವತ್ತೊಂದು ದಿನ ಗಲಾಟೆ ಇಲ್ದೆ ಕಳೀಲಿ, ಆಮೇಲೆ ಎರಡು ತಿಂಗಳು ಮಗು ನಿಂದೇ. ಇಲ್ಲಾಂದ್ರೆ ಬೀದಿ ಕೊನೇಲಿ ದೀಪಶ್ರೀ ಮೇಡಂ ಬೇಬಿ ಸಿಟ್ಟಿಂಗ್ ನಡೆಸ್ತಾರೆ, ಅಲ್ಲಿಗೇ ಹಾಕ್ತೀನಿ."

"ನಾನೇನ್ ಗಲಾಟೆ ಮಾಡೋಳೇನೇ?" ಎಂದರು ವಿಮಲಮ್ಮ. ಕಲ್ಲೇಶ ಏನೋ ಹೇಳಲು ಬಾಯಿ ತೆರೆದು, ಬೀರೂರಿನ ರೈಲ್ವೆ ಡ್ಯೂಟಿಗೆ ಹೊತ್ತಾಯಿತೆಂದು ಮುಚ್ಚಿಕೊಂಡ.

ವಿಮಲಮ್ಮನಿಗೆ ಆ ಎರಡು ತಿಂಗಳು ಬೇಕೇ ಬೇಕಿತ್ತು. ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಎಮ್ಮೆಯನ್ನು ಪಕ್ಕದ ಮನೆಯ ಯಲ್ಲಮ್ಮನಿಗೆ ಒಪ್ಪಿಸಿ, ಅದರ ಕಿವಿಯಲ್ಲಿ ಸಮಾಧಾನ ಹೇಳಿ ಬಂದಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅಂದು ಬೆಳಿಗ್ಗೆ ಕೃತಿಕಾ ಅವರ ಮೂಗು ಹಿಡಿದೆಳೆದು "ಅದ್ದಿ" ಎಂದಿದ್ದಳು.

ಮಗುವಿಗೆ ಹಾಲು ಕಾಯಿಸಲು ಸಕ್ಕರೆ ಡಬ್ಬಿ ಎತ್ತಿದಾಗ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಣ್ಣಿಗೆ ಬಿತ್ತು. ವಿಮಲಮ್ಮ ಓದಿದ್ದು ನಾಲ್ಕನೇ ಇಯತ್ತೆಯಾದರೂ ಪಾತ್ರೆಯ ಮೇಲಿನ ಬರಹ ಓದುವುದರಲ್ಲಿ ಶಾಸನ ತಜ್ಞರಿಗೆ ಕಡಿಮೆಯಿರಲಿಲ್ಲ. "ಭಾಗಮ್ಮ ತೀರ್ಥಪ್ಪ, ಕಡೂರು."

ಭಾಗಮ್ಮ ಎಂದರೆ ಪಕ್ಕದ ಮನೆಯಾಕೆ; ಬಸ್ಸಿಳಿದ ಸಂಜೆಯೇ ವಿಮಲಮ್ಮ ಅಕ್ಕಪಕ್ಕದವರ ಹೆಸರು ಕೇಳಿಕೊಂಡಿದ್ದರು. ಅನುಮಾನ ಬಂದು ಬೇಳೆಯ ಡಬ್ಬಿ ತಿರುಗಿಸಿದರು. "ಹನುಮಂತಪ್ಪ ಮತ್ತು ಮಕ್ಕಳು." ಅದು ಎದುರು ಮನೆ. ಹಾಲಿನ ಚೊಂಬಿನ ಕಂಠದಲ್ಲಿ "ದೀಪಶ್ರೀ."

ಹೆಸರು ಕೊರೆದ ಪಾತ್ರೆ ಮುಯ್ಯಿಯಾಗಿ ಬಂದದ್ದೂ ಇರಬಹುದೆಂದು ವಿಮಲಮ್ಮನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಹುಟ್ಟುಹಬ್ಬದ ಕಾರ್ಡಿನಲ್ಲಿ ಸಂಗೀತಾ ದಪ್ಪಕ್ಷರದಲ್ಲಿ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚು ಹಾಕಿಸಿದ್ದಳು. ಆ ಸಾಲನ್ನು ಅಚ್ಚು ಹಾಕಿಸಿದವರೂ ಓದಿದವರೂ ನಂಬುವುದಿಲ್ಲ. ವಿಮಲಮ್ಮ ನಂಬಿದ್ದರು. ಮುಯ್ಯಿಯಲ್ಲ ಎಂದ ಮೇಲೆ ಉಳಿದದ್ದು ಒಂದೇ: ಮಗಳು ಬೀದಿಯ ಮಂದಿಯಿಂದ ಪಾತ್ರೆ ಎರವಲು ತಂದು ಹಿಂದಿರುಗಿಸದೆ ಸಂಸಾರ ಮಾಡುತ್ತಿದ್ದಾಳೆ!

"ಅಯ್ಯೋ ಶಿವನೆ, ಮಾನ ಹೋಯ್ತಲ್ಲೇ!" ಎಂದು ಕೃತಿಕಾಳಿಗೆ ಹೇಳಿದರು. ಕೃತಿಕಾ ಒಪ್ಪಿದಂತೆ ಜೊಲ್ಲು ಸುರಿಸಿದಳು.

ಸಕ್ಕರೆಯನ್ನು ಕುಕ್ಕರಿಗೆ ಸುರಿದರು. ಬೇಳೆಯನ್ನು ಅಳಿಯ ಮನೆಯಲ್ಲೇ ಬಿಟ್ಟುಹೋಗಿದ್ದ ಊಟದ ಕ್ಯಾರಿಯರಿನ ಮೂರೂ ಅಂತಸ್ತಿಗೆ ಹಂಚಿದರು. ಡಬ್ಬಿಗಳನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿದರು. ಇನ್ನು, ಪಾತ್ರೆ ಖಾಲಿ ಕೊಡುವಂತಿಲ್ಲ. ಊರಿನಿಂದ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ರವೆ ಉಂಡೆ, ಚಕ್ಕುಲಿ ತಂದಿದ್ದರಲ್ಲ, ಅದನ್ನೇ ಮೂರು ಪಾಲು ಮಾಡಿ ತುಂಬಿದರು. ಮಗುವನ್ನು ಸೊಂಟಕ್ಕೇರಿಸಿ ಹೊರಟರು.

ಭಾಗಮ್ಮ ಬಾಗಿಲ ಮುಂದೆ ನಿಂತ ನೀರು ಗುಡಿಸುತ್ತಿದ್ದರು.

"ತಗಳ್ಳಿ ಭಾಗಮ್ಮೋರೆ ನಿಮ್ ಡಬ್ಬಿ. ನಮ್ಮುಡುಗಿಗೆ ತಿಳೀಲಿಲ್ಲ, ಇಟ್ಕಂಡ್ಬಿಟ್ಟವಳೆ. ತಪ್ಪಾಯ್ತು."

ಭಾಗಮ್ಮ ಡಬ್ಬಿ ನೋಡಿದರು, ಹೆಸರು ನೋಡಿದರು. ಅವರ ಮುಖ ನಿಂಬೆಹುಳಿ ಬಿದ್ದ ಹಾಲಿನ ಹಾಗೆ ಮೆಲ್ಲಗೆ ಒಡೆಯಿತು. "ಇದನ್ನ... ವಾಪಸ್ ಕಳ್ಸಿದ್ರಾ?"

"ನಮಗೆ ಬ್ಯಾಡ ಕಣ್ರೀ ಇನ್ನೊಬ್ರುದು. ನಾನಿದ್ದಿದ್ರೆ ಮನೆ ಒಳಿಕ್ಕೇ ಬಿಟ್ಕಂತಿರಲಿಲ್ಲ."

ಭಾಗಮ್ಮ ಪೊರಕೆಯನ್ನು ಅಲ್ಲೇ ಬಿಟ್ಟು ಡಬ್ಬಿಯೊಂದಿಗೆ ಒಳಗೆ ಹೋದರು. ಅವರು ಮಾತನ್ನು ಅರ್ಧಕ್ಕೇ ಬಿಟ್ಟು ಹೋದದ್ದು ಆ ಬೀದಿಯ ಚರಿತ್ರೆಯಲ್ಲಿ ಅದೇ ಮೊದಲು.

ಎದುರು ಮನೆಯ ಹನುಮಂತಪ್ಪ ನಿವೃತ್ತ ಮೇಷ್ಟ್ರು. ಡಬ್ಬಿಯನ್ನು, ಫೇಲಾದ ಹುಡುಗನ ಉತ್ತರಪತ್ರಿಕೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದರು. "ಯಾಕಮ್ಮ, ಚಿಕ್ಕದಾಯ್ತಾ?" ಎಂದು ಕೇಳಿದರು.

"ಚಿಕ್ಕದಾದ್ರೇನು ದೊಡ್ಡದಾದ್ರೇನು ಮೇಷ್ಟ್ರೆ, ಇಟ್ಕಳೋದು ತಪ್ಪಲ್ವಾ?"

ದೀಪಶ್ರೀ ಮೇಡಂ ಚೊಂಬು ಇಸಿದುಕೊಂಡು, ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ, ಬಾಗಿಲನ್ನು ಕನ್ನಡದಲ್ಲಿ ಹಾಕಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಬರತೊಡಗಿತು. ಮೊದಲು ಭಾಗಮ್ಮ ಬಂದು ಒಂದು ಸ್ಟೀಲ್ ತಟ್ಟೆಯನ್ನು ಜಗಲಿಯ ಮೇಲೆ ಠಣ್ಣೆಂದು ಇಟ್ಟು ಹೋದರು. ಅದರ ಮೇಲೆ "ಕೃತಿಕಾ, ಮೊದಲನೇ ಹುಟ್ಟುಹಬ್ಬ" ಎಂದಿತ್ತು. ಹಿಂದೆಯೇ ಮೇಷ್ಟ್ರ ಸೊಸೆ, ಅವಳ ಹಿಂದೆ ವಿಮಲಮ್ಮ ಹೆಸರೇ ಕೇಳದ ಮೂಲೆ ಮನೆಯವರು. ಠಣ್, ಠಣ್, ಠಣ್. ಹುಟ್ಟುಹಬ್ಬಕ್ಕೆ ಬಂದವರಿಗೆಲ್ಲ ಸಂಗೀತಾ ನೆನಪಿಗೆಂದು ಕೊಟ್ಟ ತಟ್ಟೆಗಳು ಮದುವೆ ಮನೆಯ ಎಲೆಗಳ ಹಾಗೆ ಜಗಲಿ ತುಂಬಿದವು.

ವಿಮಲಮ್ಮನಿಗೆ ಹಿಗ್ಗೋ ಹಿಗ್ಗು. "ನೋಡ್ದೇನೇ ಕೃತಿಕಾ? ಒಬ್ರು ನೆಟ್ಟಗಾದ್ರೆ ಬೀದಿನೇ ನೆಟ್ಟಗಾಯ್ತದೆ. ಎಷ್ಟು ಜನ ಇಟ್ಕಂಡಿದ್ರು ನಮ್ ತಟ್ಟೆನ!" ಎಂದು ಒಂದೊಂದನ್ನೂ ಒರೆಸಿ ಒಳಗೆ ಜೋಡಿಸಿದರು.

ಸಂಜೆ ಸಂಗೀತಾ ಗೇಟು ತೆರೆದಾಗ ಭಾಗಮ್ಮ ಮುಖ ತಿರುಗಿಸಿದರು. ಮೇಷ್ಟ್ರು ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದರು. ಒಳಗೆ ಬಂದರೆ ತಟ್ಟೆಗಳ ಗೋಪುರ. ಕಾಫಿಗೆ ಸಕ್ಕರೆ ಹುಡುಕುತ್ತಿದ್ದ ಕಲ್ಲೇಶ ಕುಕ್ಕರು ತೆರೆದು ಒಳಗೆ ಇಣುಕುತ್ತಿದ್ದ.

ವಿಷಯ ಕೇಳಿ ಸಂಗೀತಾ ಹಣೆ ಚಚ್ಚಿಕೊಂಡಳು. "ಅಮ್ಮಾ, ಅದು ಎರವಲಲ್ಲ, ಉಡುಗೊರೆ! ಮಗು ಹುಟ್ಟುಹಬ್ಬಕ್ಕೆ ಕೊಟ್ಟಿದ್ದು!"

"ಕಾರ್ಡಲ್ಲಿ ಆಶೀರ್ವಾದ ಸಾಕು ಅಂತ ಹಾಕ್ಸಿದ್ಯಲ್ಲೇ?"

"ಹಾಗೆ ಹಾಕ್ಸಿದ್ರೆ ಯಾರಾದ್ರೂ ಬರಿಗೈಲಿ ಬರ್ತಾರೇನಮ್ಮಾ?"

"ನಂಗೇನ್ ಗೊತ್ತೇ? ಅಚ್ಚಾಗಿತ್ತಲ್ಲ!"

ಸಂಗೀತಾ ಫೋನು ತೆಗೆದಳು. ದೀಪಶ್ರೀ ಮೇಡಂಗೆ ಹಚ್ಚುತ್ತಾಳೆಂದು ವಿಮಲಮ್ಮನಿಗೆ ಅನ್ನಿಸಿತು. ಅವರು ಮಗುವನ್ನು ಇನ್ನಷ್ಟು ಅವುಚಿಕೊಂಡರು. ಪುಣ್ಯಕ್ಕೆ ಅವಳು ಹಚ್ಚಿದ್ದು ಭುವನಾಗೆ. ಭುವನಾ ಊರಿನ ಯಲ್ಲಮ್ಮನ ಮಗಳು, ಇದೇ ಬೀದಿಗೆ ಕೊಟ್ಟವಳು, ಈ ಬಾಡಿಗೆ ಮನೆ ಹುಡುಕಿಕೊಟ್ಟವಳೂ ಅವಳೇ. ಭುವನಾ ಮನೆಮನೆಗೆ ಹೋಗಿ, ಅಜ್ಜಿ ಕಾರ್ಡನ್ನು ನಂಬಿದ ಕತೆ ಹೇಳಿದಳು. ಬೀದಿ ಮೊದಲು ಅನುಮಾನಿಸಿ, ಆಮೇಲೆ ನಕ್ಕಿತು. ನಗು ಬರಲು ರವೆ ಉಂಡೆಯೂ ನೆರವಾಗಿತ್ತು. ಭಾಗಮ್ಮ ತಾವೇ ಡಬ್ಬಿ ಹಿಡಿದು ಬಂದರು.

"ಉಂಡೆಗೆ ಏಲಕ್ಕಿ ಚೆನ್ನಾಗಿ ಬಿದ್ದದೆ ಕಣ್ರೀ. ಅದಕ್ಕೇ ಕ್ಷಮಿಸ್ದೆ," ಎಂದರು. ಮೇಷ್ಟ್ರು ಡಬ್ಬಿಯ ಜೊತೆಗೆ ಬೇಳೆಯನ್ನೂ ಕಳಿಸಿದ್ದರು. ದೀಪಶ್ರೀ ಮೇಡಂ ಕೂಡ ಚೊಂಬು ತಂದರು, ಹಿಂದೆಯೇ ಭುವನಾಳೂ ಬಂದು ಜಗಲಿಯಲ್ಲಿ ಕೂತಳು.

ಸಂಗೀತಾಳ ಹುಬ್ಬು ಸಡಿಲಿತು. "ಹೋಗ್ಲಿ ಬಿಡಮ್ಮ. ಇರು ಎರಡು ತಿಂಗಳು. ಆದ್ರೆ ಯಾವ ಪಾತ್ರೇನೂ ತಿರುಗಿಸಿ ನೋಡ್ಬೇಡ."

ವಿಮಲಮ್ಮ ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗೆದ್ದವರಿಗೆ ಸುಮ್ಮನಿರುವುದು ಕಷ್ಟ.

"ಮುಯ್ಯಿ ಯಾವ್ದು, ಎರವಲು ಯಾವ್ದು ನಂಗೆ ತಿಳಿಯಲ್ವೇನೇ? ಈಗ ಇದನ್ನೇ ನೋಡು," ಎಂದು ಊರಿನಿಂದ ತಂದ ದೊಡ್ಡ ಡಬ್ಬಿಯನ್ನು ತಂದು ಎಲ್ಲರೆದುರು ಬೋರಲು ಹಾಕಿದರು. "ಯಲ್ಲಮ್ಮ ರೇವಣಪ್ಪ. ಭುವನಾ, ಇದು ನಿಮ್ಮವ್ವ ನಮ್ ಸಂಗೀತನ ಮದುವೇಲಿ ಕೊಟ್ಟ ಮುಯ್ಯಿ. ಐದು ವರ್ಷದಿಂದ ಎಷ್ಟು ಜ್ವಾಪಾನ ಮಾಡಿವ್ನಿ ನೋಡು!"

ಭುವನಾ ಡಬ್ಬಿಯನ್ನು ಕೈಗೆತ್ತಿಕೊಂಡಳು. ಮುಚ್ಚಳದ ಅಂಚಿನ ನೆಗ್ಗು ಸವರಿದಳು.

"ದೊಡ್ಡಮ್ಮ, ನಮ್ಮವ್ವ ಮದುವೇಲಿ ಕೊಟ್ಟಿದ್ದು ಕೊಳಗ. ಇದು ಲಾಡು ತುಂಬೋಕೆ ಡಬ್ಬಿ ಸಾಲ್ದು ಅಂತ ನೀವೇ ಇಸ್ಕಂಡು ಹೋಗಿದ್ದು. ಐದು ವರ್ಷದಿಂದ ನಮ್ಮವ್ವ ಇದನ್ನ ಹುಡುಕ್ತಾ ಅವ್ಳೆ. ನಮ್ಮತ್ತಿಗೆ ತವರಿಗೆ ಸಾಗಿಸಿಬಿಟ್ಟವಳೆ ಅಂತ ಅವಳ ಜೊತೆ ಇವತ್ತಿಗೂ ನೆಟ್ಟಗೆ ಮಾತಾಡಲ್ಲ!"

ಮೇಷ್ಟ್ರ ಮನೆಯಿಂದ ಮಾತು ಕಿವಿಗೆ ಬಿದ್ದಿದ್ದ ಭಾಗಮ್ಮ ಬಹಳ ಮೃದುವಾಗಿ, "ಇಟ್ಕಳೋದು ತಪ್ಪಲ್ವಾ?" ಎಂದರು.

ಭುವನಾ ಅಷ್ಟರಲ್ಲಿ ಡಬ್ಬಿಯ ಫೋಟೋ ತೆಗೆದು ಊರಿನಲ್ಲಿದ್ದ ತಮ್ಮ ಶಶಿಗೆ ಕಳಿಸಿಯಾಗಿತ್ತು. ಐದು ನಿಮಿಷಕ್ಕೆ ಫೋನು ಬಂತು. ಸ್ಪೀಕರಿನಲ್ಲಿ ಯಲ್ಲಮ್ಮನ ದನಿ ಜೇನು ಸವರಿದಂತಿತ್ತು.

"ವಿಮಲಮ್ಮೋರೆ, ಡಬ್ಬಿ ಸಿಕ್ತಂತೆ, ಸಂತೋಸ ಆಯ್ತು. ಅವಸರ ಏನಿಲ್ಲ, ನಿಧಾನಕ್ಕೆ ತನ್ನಿ. ನಿಮ್ಮ ಎಮ್ಮೆನೂ ನಮ್ ಕೊಟ್ಟಿಗೇಲಿ ಚೆಂದಾಗೈತೆ. ನಾನೂ ಒಂದೈದು ವರ್ಷ ಜ್ವಾಪಾನ ಮಾಡ್ತೀನಿ ಬಿಡಿ."

ಮಾರನೆಯ ಬೆಳಿಗ್ಗೆ ಆರೂವರೆಯ ಬಸ್ಸಿಗೆ ವಿಮಲಮ್ಮ ನಿಂತಿದ್ದರು. ಸಂಗೀತಾ ದೀಪಶ್ರೀ ಮೇಡಂ ಜೊತೆ ಮಾತಾಡಿ ಆಗಿತ್ತು. ಕಲ್ಲೇಶನ ತೋಳಿನಲ್ಲಿ ಕೃತಿಕಾ "ಅದ್ದಿ, ಅದ್ದಿ" ಎಂದು ಕೈ ಚಾಚುತ್ತಿದ್ದಳು. ವಿಮಲಮ್ಮನ ಕಂಕುಳಲ್ಲಿ ಯಲ್ಲಮ್ಮನ ಡಬ್ಬಿ, ಖಾಲಿ. ಖಾಲಿ ಕೊಡುವಂತಿಲ್ಲ, ಉಂಡೆಯೆಲ್ಲ ಬೀದಿಯ ಹೊಟ್ಟೆಯಲ್ಲಿತ್ತು.

ಬಸ್ಸು ಬಂದಾಗ ಭಾಗಮ್ಮ ಏದುಸಿರು ಬಿಡುತ್ತಾ ಓಡಿ ಬಂದರು. ಕೈಯಲ್ಲಿ ಬೆಚ್ಚಗಿನ ಶೇಂಗಾ ಹೋಳಿಗೆಯ ಡಬ್ಬಿ.

"ಬರಿ ಡಬ್ಬಿ ಹೆಂಗೆ ಕೊಡ್ತೀರಿ ಅಂತ ಮಾಡ್ದೆ. ತಗಳ್ಳಿ."

ವಿಮಲಮ್ಮನ ಕಣ್ಣು ತುಂಬಿ ಬಂತು. ಹೋಳಿಗೆಯನ್ನು ಯಲ್ಲಮ್ಮನ ಡಬ್ಬಿಗೆ ಸುರಿಯಬೇಕೆನ್ನುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿ ಅವರನ್ನು ಎರಡೂ ಡಬ್ಬಿಗಳ ಸಮೇತ ಒಳಗೆ ಎಳೆದುಕೊಂಡ. ಬಸ್ಸು ಹೊರಟಿತು. ವಿಮಲಮ್ಮ ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಮೇಲೆತ್ತಿ ತಳ ನೋಡಿದರು. "ಭಾಗಮ್ಮ ತೀರ್ಥಪ್ಪ, ಕಡೂರು."

ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಭಾಗಮ್ಮೋರೇ! ಇದು ಕೊಟ್ಟಿದ್ದಾ, ವಾಪಸ್ ತರಬೇಕಾ?"

ಭಾಗಮ್ಮ ನಗುತ್ತಾ ಕೈ ಬೀಸಿದರು. "ನಿಮ್ಮಿಷ್ಟ ಕಣ್ರೀ!"

ಅಜ್ಜಂಪುರ ಬರುವವರೆಗೂ ವಿಮಲಮ್ಮ ಆ ಡಬ್ಬಿಯನ್ನು ಒಮ್ಮೆ ಸೀದಾ ಹಿಡಿಯುತ್ತಿದ್ದರು, ಒಮ್ಮೆ ತಳ ನೋಡುತ್ತಿದ್ದರು.