ಪರದೆಯಾಚೆ ಹೋದ ಬೆಟ್ಟ

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ಪರದೆ. ಕಂಪನಿಯ ಹೊಸ ವಿಮಾನದಲ್ಲಿ ಪೈಲಟ್‌ನ ಮುಂದೆ ಬಣ್ಣದ ನಕ್ಷೆ ಮೂಡುತ್ತದೆ. ದಟ್ಟ ಮೋಡದೊಳಗೂ ಬೆಟ್ಟ ಎಲ್ಲಿ, ಕಣಿವೆ ಎಲ್ಲಿ, ತಾನೆಲ್ಲಿ ಎಂದು ಕಾಣುತ್ತದೆ. ನಮ್ಮ ಪೈಲಟ್ ಒಂಬತ್ತು ವರ್ಷದಿಂದ ಓಡಿಸುತ್ತಿದ್ದ ಹಳೇ ವಿಮಾನದಲ್ಲಿ ಗಡಿಯಾರದಂಥ ಮುಳ್ಳುಗಳು ಮಾತ್ರ. ಪಾಳಿಯ ಪ್ರಕಾರ ಅವನು ಅದರ ಜೊತೆ ವಾರಕ್ಕೆ ಮೂರು ರಾತ್ರಿ ಬೆಟ್ಟದ ಊರಲ್ಲೇ ತಂಗಬೇಕು. ಹೊಸದಾದರೆ ದಿನಾ ಸಂಜೆಗೆ ಮನೆ. ಮಗ ಬಾರದ ದಿನ ತಾಯಿ ಬರೀ ಹಾಲು ಕುಡಿದು ಮಲಗುತ್ತಿದ್ದರು. ಇವತ್ತಿನ ಪರೀಕ್ಷೆ ಪಾಸಾದರೆ ಹೊಸ ವಿಮಾನ, ಇಬ್ಬರಿಗೂ ಹೊಟ್ಟೆ ತುಂಬ ಊಟ. ಅವನು ದೇವರಲ್ಲಿ ಬೇಡಿದ್ದು ಅಷ್ಟೇ.

ಬೆಳಿಗ್ಗೆ ಹಾಳೆ ಹಿಡಿದು, ವಿಮಾನ ಇಳಿಯುವ ದಾರಿಯ ಎತ್ತರಗಳನ್ನು ಬಾಯಿಪಾಠ ಮಾಡುತ್ತ ಪಡಸಾಲೆಯಲ್ಲಿ ಶತಪಥ ಹಾಕಿದ. ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದ ತಾಯಿಯೂ ರಾಗವಾಗಿ ಶುರುಮಾಡಿದರು: “ಮೊದಲ ಗುರುತಿಗೆ ಒಂಬತ್ತು ಸಾವಿರ, ಎರಡಕ್ಕೆ ಏಳೂವರೆ, ಮೂರು ದಾಟೋ ತನಕ ಅದಕ್ಕಿಂತ ಕೆಳಗಿಲ್ಲಪ್ಪಾ...”

“ಅಮ್ಮಾ, ಅದು ಸ್ತೋತ್ರ ಅಲ್ಲ!”

“ತಿಂಗಳಿಂದ ಕೇಳ್ತಿದೀನಿ, ಬಾಯಿಗೆ ಬಂದ್ಬಿಟ್ಟಿದೆ. ನಿನ್ನ ಕಾಪಾಡೋದೆಲ್ಲ ನನಗೆ ಸ್ತೋತ್ರಾನೇ ಕಣೋ.”

ಪರೀಕ್ಷೆ ನಡೆಯುವುದು ನೆಲ ಬಿಟ್ಟೇಳದ ನಕಲಿ ವಿಮಾನದಲ್ಲಿ. ಅದರ ಬಾಗಿಲಲ್ಲಿ, ಅವನ ಜೊತೆ ಹಳೇ ವಿಮಾನದ ಪಾಳಿ ಹಂಚಿಕೊಂಡಿದ್ದ ಪೈಲಟ್‌ಗಳಾದ ಗಡ್ಡದವ, ಗುಂಡಣ್ಣ ಇಬ್ಬರೂ ಸರದಿಗೆ ಕಾಯುತ್ತಿದ್ದರು.

“ನಕ್ಷೆ ಚಿಕ್ಕದಾಗಿಡು, ಬೆಟ್ಟಸಾಲೆಲ್ಲ ಒಟ್ಟಿಗೇ ಕಾಣುತ್ತೆ,” ಎಂದ ಗಡ್ಡದವ.

“ಅವನ ಮಾತು ಕೇಳಿ ಕೆಟ್ಟೀಯ! ರನ್‌ವೇನ ನಡುವೆ ತಂದು ದೊಡ್ಡದು ಮಾಡು. ಹಾಸಿದ ಚಾಪೆ ಥರ ಕಾಣುತ್ತೆ, ಹೋಗಿ ಮಲಗಿದ್ರಾಯ್ತು!” ಎಂದ ಗುಂಡಣ್ಣ.

ಒಳಗೆ ಕೂತಾಗ ಕಿಟಕಿಯಾಚೆ ಹತ್ತಿ ತುರುಕಿದಂತೆ ಮೋಡ. ಪೈಲಟ್‌ಗೆ ಚಾಪೆಯ ಆಸೆಯಾಯಿತು. ದೊಡ್ಡದು ಮಾಡಿದ. ನಿಜಕ್ಕೂ ಚಾಪೆಯೇ! ಸುತ್ತ ಒಂದು ಗುಡ್ಡವೂ ಇಲ್ಲ. ಖುಷಿಯಾಗಿ ವಿಮಾನದ ಮೂತಿ ತಗ್ಗಿಸಿದ. ಹಿಂದೆ ಕೂತ ಪರೀಕ್ಷಕಿ ಪುಸ್ತಕದಲ್ಲಿ ಏನೋ ಗೀಚಿಕೊಂಡರು.

ಕಿವಿಯೊಳಗೆ ತಾಯಿಯ ರಾಗ ಎದ್ದಿತು: “ಅದಕ್ಕಿಂತ ಕೆಳಗಿಲ್ಲಪ್ಪಾ...”

ನಕ್ಷೆಯ ಪಕ್ಕದಲ್ಲಿದ್ದ ಎತ್ತರದ ಮುಳ್ಳು ನೋಡಿದ. ಏಳೂವರೆ ಸಾವಿರ ಅಡಿಗೆ ಜಾರುತ್ತಿತ್ತು. ಮೂರನೇ ಗುರುತು ಇನ್ನೂ ದೂರ. ಗಡಬಡಿಸಿ ವಿಮಾನ ಸಮ ಮಾಡಿದ, ನಕ್ಷೆ ಕುಗ್ಗಿಸಿದ. ಪರದೆಯಾಚೆ ತಳ್ಳಿಸಿಕೊಂಡಿದ್ದ ಬೆಟ್ಟ, ದಾರಿಗಡ್ಡ ಮಲಗಿದ ಎಮ್ಮೆಯಂತೆ ಎದುರಿಗೇ ಇತ್ತು! ಅದನ್ನು ದಾಟಿ, ಗುರುತು ದಾಟಿ, ಆಮೇಲೆ ಇಳಿದ.

ಉಳಿದಿಬ್ಬರೂ ಅದೇ ಬೆಟ್ಟಕ್ಕೆ ಗುದ್ದಿದರು. ಗಡ್ಡದವನ ಚಿಕ್ಕ ನಕ್ಷೆಯಲ್ಲಿ ಅದು ಸಾಸಿವೆಯಷ್ಟಿತ್ತಂತೆ; ಗುಂಡಣ್ಣನಿಗೆ ಕಾಣಲೇ ಇಲ್ಲವಂತೆ.

“ನಕ್ಷೆ ಇರೋದು ಎಲ್ಲಿದೀವಿ ಅಂತ ತಿಳಿಯೋಕೆ. ಎಷ್ಟು ಇಳೀಬಹುದು ಅಂತ ಹೇಳೋದು ಹಾಳೆಯ ಅಂಕಿ, ಮುಳ್ಳು. ಅದನ್ನ ನೋಡಿದ್ದು ನೀವೊಬ್ಬರೇ. ಭೇಷ್!” ಎಂದರು ಪರೀಕ್ಷಕಿ.

“ಹಾಗಾದ್ರೆ ಮೇಡಂ, ಹೊಸ ವಿಮಾನ...”

“ಅದು ಅವರಿಬ್ಬರಿಗೆ. ಚೆನ್ನಾಗಿ ಕಲಿಸಿ ಕೊಡ್ತೀವಿ. ನಕ್ಷೆ ಇದ್ದೂ ಗುದ್ದಿದವರನ್ನ ನಕ್ಷೆಯಿಲ್ಲದ ವಿಮಾನದಲ್ಲಿ ಕೂರಿಸೋಕಾಗುತ್ತಾ? ಹಳೇದಕ್ಕೆ ನಿಮ್ಮಂಥವರೇ ಬೇಕು. ನಾಳೆಯಿಂದ ಅವರ ಪಾಳೀನೂ ನಿಮಗೇ. ವಾರಕ್ಕೆ ಐದು ರಾತ್ರಿ.”

ಸಂಜೆ ಮನೆಯಲ್ಲಿ ತಾಯಿ ಎರಡು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದರು. “ಪಾಸಾದ್ಯೇನೋ?”

“ಪಾಸಾದೆನಮ್ಮ. ಎಲ್ಲರಿಗಿಂತ ಚೆನ್ನಾಗಿ.”

“ನನಗ್ಗೊತ್ತಿತ್ತು! ಇನ್ನು ದಿನಾ ಒಟ್ಟಿಗೇ ಕೂತು ಉಣ್ಣೋಣ.”

ಅವನು ಸೌಟು ಕೈಗೆತ್ತಿಕೊಂಡು, ಐದು ರಾತ್ರಿಯ ಊಟವನ್ನು ಒಂದೇ ಸಲಕ್ಕೆ ಉಣ್ಣಿಸುವವನಂತೆ, ಅವರ ತಟ್ಟೆಗೆ ಬಡಿಸುತ್ತಲೇ ಹೋದ.

“ಸಾಕು ಕಣೋ, ಸಾಕು!” ತಾಯಿ ನಗುತ್ತ ಕೈ ಅಡ್ಡ ಹಿಡಿದರು. “ಎಲ್ಲ ನನಗೇ ಸುರಿದ್ರೆ ನಾಳೆ ನಿನಗೇನು ಹಾಕ್ಲಿ?”