ಮಾಲೆ ಹಾಕಿದ ಕರ್ನಲ್

ಶ್ರೀರಂಗಪಟ್ಟಣದ ಕೋಟೆ ಇರುವ ತನಕ ಬ್ರಿಟಿಷರ ಕಾಲದ ಸಿನಿಮಾ ತೆಗೆಯುವವರು ನಮ್ಮ ಕಡೆ ಬರುತ್ತಲೇ ಇರುತ್ತಾರೆ. ಅವರು ಬಂದಾಗಲೆಲ್ಲ ಪಾಂಡವಪುರದಲ್ಲಿ ಇಂಗ್ಲಿಷ್ ಮೇಷ್ಟರಾಗಿ ರಿಟೈರಾದ ನನಗೆ ಫೋನು ಬರುತ್ತದೆ. ಹೋದ ಚಳಿಗಾಲದಲ್ಲಿ ಬಂದದ್ದು ಮಾತ್ರ ಬೇರೆ ತರಹದ ಕೆಲಸ. ಲಂಡನ್ನಿನಿಂದ ಬರುವ ನಟನೊಬ್ಬನಿಗೆ ದುಭಾಷಿಯಾಗಬೇಕು, ಜೊತೆಗೆ ಅವನು ಕುಡಿಯದಂತೆ ಕಾಯಬೇಕು.

ಒಂದು ಕಾಲಕ್ಕೆ ಅವನು ಅಲ್ಲಿ ದೊಡ್ಡ ಹೀರೋ. ಕುಡಿತ ಹೆಚ್ಚಾದಂತೆ ಪಾತ್ರಗಳು ಸಣ್ಣವಾಗುತ್ತಾ, ಈಗ ಇಂಟರ್‌ವಲ್‌ಗೂ ಮುಂಚೆ ಸಾಯುವ ಕರ್ನಲ್ ಪಾತ್ರಕ್ಕೆ ಬಂದು ಮುಟ್ಟಿದ್ದ. ಆ ಸಾವಿನ ದೃಶ್ಯ ಮುಗಿಯುವುದರೊಳಗೆ ಒಂದು ಸಲ ಬಾಯಿ ವಾಸನೆ ಬಂದರೂ ವಾಪಸ್ ಕಳಿಸುತ್ತೇನೆ ಎಂದು ನಿರ್ದೇಶಕರು ಹೇಳಿಬಿಟ್ಟಿದ್ದರು. ಇದೂ ಹೋದರೆ ಇನ್ಯಾರೂ ತನ್ನನ್ನು ಕರೆಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

"ಮೂವರು ಹೆಂಡತಿಯರು ಬಿಟ್ಟುಹೋದರು ಮೇಷ್ಟ್ರೇ. ಈ ಬಾಟಲಿ ಒಂದೇ ಬಿಡುತ್ತಿಲ್ಲ" ಎಂದ ಮೊದಲ ದಿನವೇ.

ಉಪಚಾರ

ಅವನನ್ನು ಅವನಿಂದ ಕಾಯುವುದಕ್ಕಿಂತ ನಮ್ಮ ಜನರಿಂದ ಕಾಯುವುದೇ ಕಷ್ಟವಾಯಿತು. ಅರಕೆರೆಯ ಯಜಮಾನರೊಬ್ಬರು ಊಟಕ್ಕೆ ಕರೆದರು. ಕೈ ತೊಳೆಯುವ ಮೊದಲೇ ಬಾಟಲಿ ಬಂತು. ನಾನು ಹೇಳಿಕೊಟ್ಟಿದ್ದಂತೆ ಅವನು ಕೈಮುಗಿದು, "ಬಿಟ್ಟುಬಿಟ್ಟಿದ್ದೀನಿ ಅಣ್ಣ" ಎಂದ.

ಯಜಮಾನರು ಗ್ಲಾಸು ಅವನ ಮುಂದೆ ಸರಿಸಿ ಹೇಳಿದರು: "ಬುಟ್ಬುಟ್ಟೆ ಅಂತ ನಾನೂ ದಿನಾ ಬೆಳಗ್ಗೆ ಏಳ್ತೀನಿ ಬುಡಿ. ಇವಾಗ ಮದ್ಯಾನ ಆಯ್ತಲ್ಲ."

ಆ ಗ್ಲಾಸನ್ನು ಅವನು ನೋಡಿದ ನೋಟ ನನಗೆ ಇಂದಿಗೂ ಸಂಕಟ ಕೊಡುತ್ತದೆ. ಹೇಗೋ ಎಬ್ಬಿಸಿಕೊಂಡು ಬಂದೆ.

ಮಾಲೆ

ನಮ್ಮ ಸೆಟ್ಟಿನಲ್ಲಿ ಸಿಪಾಯಿ ವೇಷದ ಹುಡುಗರಿಗೆಲ್ಲ ಹಿರಿಯನಾದ ಅರಕೆರೆಯ ರೈತನೊಬ್ಬನಿದ್ದ. ಅಯ್ಯಪ್ಪ ಮಾಲೆ ಹಾಕಿದ್ದ. ಎಲ್ಲರೂ ಅವನನ್ನು 'ಸ್ವಾಮಿ' ಎನ್ನುತ್ತಿದ್ದರು, ಯಾರೂ ಕುಡಿಯಲು ಕರೆಯುತ್ತಿರಲಿಲ್ಲ. ಇದನ್ನು ಗಮನಿಸಿದ ನಟ ಕಾರಣ ಕೇಳಿದ. ಮಾಲೆ ಬಿದ್ದ ಕೊರಳಿಗೆ ಬಾರಿನವನೂ ಹೆಂಡ ಹಾಕುವುದಿಲ್ಲ ಎಂದೆ. ತನ್ನ ಕೊರಳು ಸವರಿಕೊಂಡು, "ಅದು ನನಗೂ ಸಿಗುತ್ತದೆಯೇ?" ಎಂದ.

ಆ ರೈತನೇ ನಮ್ಮನ್ನು ಬಾಬುರಾಯನಕೊಪ್ಪಲಿನ ಗುರುಸ್ವಾಮಿಯ ಬಳಿ ಕರೆದೊಯ್ದ. ಇವರು ಬೇರೆ ದೇಶ, ಬೇರೆ ಧರ್ಮ ಎಂದು ನಾನು ತಡವರಿಸಿದೆ. ಗುರುಸ್ವಾಮಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಕುಡೀತಾರಾ?"

"ವಿಪರೀತ."

"ಸಿಗರೇಟು?"

"ಸೇದುತ್ತಾರೆ."

"ಬಾಡು?"

"ದಿನಾ ಬೇಕು."

"ಅಂಗಾರೆ ನಮ್ಮೂರೋರಂಗೇ ಅವ್ರೆ ಬುಡಿ ಮೇಷ್ಟ್ರೇ. ಕೂರ್ಸಿ" ಎಂದರು.

ಬೂಟು

ಹೊಟ್ಟೆಪಾಡಿಗೆ ಯಾವ ಬಟ್ಟೆಯಾದರೂ ಹಾಕಲಿ, ಚಪ್ಪಲಿ ಬೂಟು ಮಾತ್ರ ಕೂಡದು ಎಂಬುದು ಮಾಲೆ ಹಾಕುವಾಗ ಗುರುಸ್ವಾಮಿ ಕೊಟ್ಟ ಅಪ್ಪಣೆ. ಕೆಂಪು ಕೋಟು, ಕತ್ತಿ, ಕೆಳಗೆ ಬರಿಗಾಲು. ನಿರ್ದೇಶಕರು ತಲೆ ಚಚ್ಚಿಕೊಂಡರೂ ನಟ ಜಗ್ಗಲಿಲ್ಲ. ಕೊನೆಗೆ ಎಲ್ಲ ಶಾಟನ್ನೂ ಮಂಡಿಯಿಂದ ಮೇಲಕ್ಕೆ ತೆಗೆದರು.

"ಮುಂಚೆಯೂ ಹೀಗೇ ತೆಗೆಯುತ್ತಿದ್ದರು. ಆಗ ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ" ಎಂದ ನನ್ನ ಕಿವಿಯಲ್ಲಿ.

ಸಾವು

ಸಾಯುವ ದಿನವೂ ಬಂತು. ಕರ್ನಲ್ಲನ್ನು ಕತ್ತಿಯಿಂದ ತಿವಿಯಬೇಕಾದವನು ಅದೇ ಅರಕೆರೆಯ ರೈತ. ಅವನು ಕತ್ತಿ ಕೆಳಗಿಟ್ಟುಬಿಟ್ಟ.

"ಬದುಕ್ಲಿ ಅಂತ ಮಾಲೆ ಆಕ್ಸಿ, ಇವಾಗ ನಾನೇ ತಿವಿಯಾದಾ? ನನ್ ಕೈಲಾಗಲ್ಲ ಮೇಷ್ಟ್ರೇ."

ಇದು ಸುಳ್ಳು ಕತ್ತಿ, ಸುಳ್ಳು ಸಾವು ಎಂದು ನಿರ್ದೇಶಕರು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಹೊತ್ತು ಇಳಿಯುತ್ತಿತ್ತು. ವಿಷಯ ತಿಳಿದ ನಟ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ನನ್ನ ಕಣ್ಣೀಗ ಸ್ವಚ್ಛವಾಗಿದೆ, ಕೈ ನಡುಗುತ್ತಿಲ್ಲ. ಇವತ್ತು ಚೆನ್ನಾಗಿ ಸತ್ತರೆ ನಾಳೆ ಯಾರಾದರೂ ಕರೆದು ಕೆಲಸ ಕೊಡುತ್ತಾರೆ. ನೀನು ತಿವಿದರೇನೇ ನಾನು ಬದುಕುವುದು ಎಂದು ಹೇಳಿ ಮೇಷ್ಟ್ರೇ" ಎಂದ. ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ.

ರೈತ ಕಣ್ಣೊರೆಸಿಕೊಂಡು ತಿವಿದ. ಕರ್ನಲ್ ನಿಧಾನವಾಗಿ ಕುಸಿದ. ಅಂಥ ಸಾವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಟೀ ಕೊಡುವವನೂ ಕೆಟಲು ಹಿಡಿದು ಹಾಗೇ ನಿಂತುಬಿಟ್ಟಿದ್ದ. ಈತ ಯಾಕೆ ದೊಡ್ಡ ನಟನಾಗಿದ್ದ ಎಂದು ಆಗ ನಮಗೆಲ್ಲ ಗೊತ್ತಾಯಿತು.

ಅಷ್ಟರಲ್ಲಿ ಕೊಂದವನು ಕತ್ತಿ ಬಿಸಾಕಿ ಹೆಣದ ಕಾಲಿಗೆ ಅಡ್ಡಬಿದ್ದ. "ತಪ್ಪಾಯ್ತು ಸ್ವಾಮಿ. ಸ್ವಾಮಿ ಶರಣಂ."

ಹೆಣ ಮಲಗಿದಲ್ಲಿಂದಲೇ ಕೈಮುಗಿಯಿತು. "ಸ್ವಾಮಿ ಶರಣಂ."

ಸಾವು ಕ್ಯಾಮೆರಾಗೆ ಪೂರ್ತಿ ಸಿಕ್ಕಾಗಿತ್ತು. ನಿರ್ದೇಶಕರು ಓಕೆ ಎಂದು ಕೂಗಿ, ನಗು ತಡೆದುಕೊಂಡು, "ಸತ್ತ ಮೇಲೆ ಯಾಕೆ ಮಾತಾಡಿದರಂತೆ, ಕೇಳಿ ಮೇಷ್ಟ್ರೇ" ಎಂದರು. ಕೇಳಿದೆ.

ಹೆಣ ಒಂದು ಕಣ್ಣು ತೆರೆಯಿತು. "ನನ್ನನ್ನು ಎಷ್ಟೋ ಜನ ಕೊಂದಿದ್ದಾರೆ. ಕೊಂದು ಅತ್ತವನು ಇವನೊಬ್ಬನೇ. ಇವನಿಗೂ ಉತ್ತರ ಕೊಡದೆ ಸಾಯುವುದು ಹೇಗೆ?"