ಆಮೆನ್ ಮುಗಿಯುವ ಮೊದಲೇ ಕುಂಯ್ ಎಂದ ಮತಯಂತ್ರಕ್ಕೆ

ಪ್ರೈಮರಿ ಶಾಲೆಯ ಮೂಲೆಯ ಕೊಠಡಿಯಲ್ಲಿ, ರಟ್ಟಿನ ಮರೆಯ ಹಿಂದೆ, ಮಕ್ಕಳ ಡೆಸ್ಕಿನ ಮೇಲೆ ವಿರಾಜಮಾನರಾಗಿದ್ದ ಮತಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ತಾವು ಯಾವುದೋ ಗೋದಾಮಿನಲ್ಲಿ, ಮೊಹರು ಹಾಕಿಸಿಕೊಂಡು, ಕ್ಷೇಮವಾಗಿ ವಿಶ್ರಾಂತಿ ಪಡೆಯುತ್ತಿದ್ದೀರೆಂದು ಭಾವಿಸಿ, ತಮ್ಮ ನಿದ್ದೆಗೆ ಭಂಗ ತರುತ್ತಿರುವುದಕ್ಕೆ ಮೊದಲೇ ಕ್ಷಮೆ ಬೇಡಿ, ಈ ದೂರನ್ನು ಸಲ್ಲಿಸುತ್ತಿದ್ದೇನೆ. ನನ್ನ ಪರಿಚಯ ತಮಗೆ ಇರಲಾರದು. ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿ ನನ್ನದು; ಊರಿನ ಅರ್ಧ ಮೂಗುಗಳ ಮೇಲೆ ಕುಳಿತಿರುವುದು ನನ್ನ ಕೈಕೆಲಸವೇ. ಜೊತೆಗೆ ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥನೆ ನಡೆಸುವವನೂ ನಾನೇ. ಅವರಿಗೆ ಜ್ಞಾನ ಕೊಡು, ನ್ಯಾಯಬುದ್ಧಿ ಕೊಡು ಎಂದು ನಾನು ಗದ್ಗದ ಕಂಠದಲ್ಲಿ ಬೇಡುವುದನ್ನು ಕೇಳಿ ಅಜ್ಜಿಯರು ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಅಧಿಕಾರಸ್ಥರ ಕಚೇರಿ ಯಾವ ರಸ್ತೆಯಲ್ಲಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇನೆ.

ಈ ಸಲದ ನಗರಸಭೆ ಚುನಾವಣೆಗೆ ನಮ್ಮ ವಾರ್ಡಿನಲ್ಲಿ ಗಟ್ಟಿಯಾಗಿ ನಿಂತವರು ಇಬ್ಬರೇ ಎಂಬುದು ತಮಗೆ ತಿಳಿದ ವಿಷಯ. ಇಬ್ಬರ ಗುರುತೂ ತಮ್ಮ ಎದೆಯ ಮೇಲೇ ಇತ್ತು. ಒಬ್ಬರು ನಮ್ಮ ಸಭೆಯ ಹಿರಿಯರು, ಕಟ್ಟಡದ ಕಂಟ್ರಾಕ್ಟರು, ಚರ್ಚಿಗೆ ಹೊಸ ಫ್ಯಾನುಗಳನ್ನು ಹಾಕಿಸಿಕೊಟ್ಟವರು, ಪ್ರತಿ ವಾರ ನನ್ನ ಪಕ್ಕದಲ್ಲೇ ಕೂತು ನನಗಿಂತ ಜೋರಾಗಿ ಹಾಡುವವರು. ಇನ್ನೊಬ್ಬರು ನಿವೃತ್ತ ಟೀಚರಮ್ಮ. ದೇವರ ಮಾತು ತೆಗೆದರೆ, ಆ ಪಾಠ ನನ್ನ ಸಿಲೆಬಸ್ಸಿನಲ್ಲಿ ಇರಲಿಲ್ಲ ಎಂದು ನಕ್ಕು ಮುಂದೆ ಹೋಗುವವರು. ಇಷ್ಟೇ ಆಗಿದ್ದರೆ ನನಗೇನೂ ತಲೆನೋವಿರಲಿಲ್ಲ. ಆದರೆ ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಚಿಕಿತ್ಸಾಲಯವನ್ನು ಊರಾಚೆಗೆ ಸಾಗಿಸಿ ಆ ಜಾಗದಲ್ಲಿ ಮಳಿಗೆಗಳನ್ನು ಎಬ್ಬಿಸಬೇಕೆಂಬುದು ಕಂಟ್ರಾಕ್ಟರರ ಕನಸು, ಅದು ಇದ್ದಲ್ಲೇ ಇರಬೇಕೆಂಬುದು ಟೀಚರಮ್ಮನ ಹಟ. ನನ್ನ ಅಕ್ಕ, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ, ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡಿಸಿಕೊಳ್ಳಲು ಹೋಗುವುದು ಅಲ್ಲಿಗೇ. ಒಂದು ವಾರ ತಪ್ಪಿದರೂ ಬೆರಳು ತೆಗೆಯಬೇಕಾದೀತು ಎಂದು ಅಲ್ಲಿನ ನರ್ಸಮ್ಮ ಎಚ್ಚರಿಸಿದ್ದಾರೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಈ ಅಕ್ಕ.

ನಮ್ಮ ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರು, ನೇರ ಮನುಷ್ಯರು, ಭಾನುವಾರದ ಪ್ರಸಂಗದಲ್ಲಿ ಯಾರ ಹೆಸರನ್ನೂ ಎತ್ತಲಿಲ್ಲ. ಮತ ಹಾಕುವಾಗ ನಮ್ಮವರು ಯಾರೆಂದು ನೋಡಬೇಡಿ, ನಿಮ್ಮ ನೆರೆಯವರಿಗೆ ಇದರಿಂದ ಏನಾದೀತೆಂದು ನೋಡಿ, ಅದೂ ಒಂದು ಆರಾಧನೆಯೇ ಎಂದಷ್ಟೇ ಹೇಳಿದರು. ನಾನು ಭಕ್ತಿಯಿಂದ ತಲೆಯಾಡಿಸಿ, ನನ್ನ ನೆರೆಯವರು ಯಾರಪ್ಪಾ ಎಂದು ಪಕ್ಕಕ್ಕೆ ತಿರುಗಿದರೆ ಕಂಟ್ರಾಕ್ಟರರು ಕೂತಿದ್ದರು. ಅವರು ನನ್ನ ಭುಜ ತಟ್ಟಿ ಮುಗುಳ್ನಕ್ಕರು, ನಾನೂ ನಕ್ಕೆ. ಯಾರು ನಕ್ಕರೂ ತಿರುಗಿ ನಗುವುದು ಅಂಗಡಿ ಇಟ್ಟಾಗಿನಿಂದ ನನಗೆ ಅಂಟಿದ ಜಾಡ್ಯ.

ಹೀಗೆ ತಮ್ಮ ಮುಂದೆ ಬಂದು ನಿಂತೆ. ಒಂದು ಗುಂಡಿ ಒತ್ತಿದರೆ ಅಕ್ಕನ ಮುಖ ನೋಡುವಂತಿಲ್ಲ, ಇನ್ನೊಂದು ಒತ್ತಿದರೆ ಭಾನುವಾರ ನೆಮ್ಮದಿಯಾಗಿ ಕೂರುವಂತಿಲ್ಲ. ಇಂಥ ಇಕ್ಕಟ್ಟಿನಲ್ಲಿ ನನ್ನಂಥವನಿಗೆ ಗೊತ್ತಿರುವುದು ಒಂದೇ ದಾರಿ. ತಲೆ ತಗ್ಗಿಸಿದೆ, ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ, ಬೆರಳನ್ನು ತಮ್ಮ ಮೈಮೇಲೆ ಎಲ್ಲೋ ಊರಿ, ಕರ್ತನೇ, ನೀನೇ ನಡೆಸು ಎಂದು ಬೇಡತೊಡಗಿದೆ. ನನ್ನ ಪ್ರಾರ್ಥನೆ ಉದ್ದವೆಂದು ಸಭೆಗೆಲ್ಲ ಗೊತ್ತು, ಮತಗಟ್ಟೆಯ ಅಧಿಕಾರಿಗೆ ಗೊತ್ತಿರಲಿಲ್ಲ. ಏನ್ರೀ, ಇನ್ನೂ ಆಗಲಿಲ್ಲವೇ ಎಂದು ಅವರು ಗದರಿದ್ದಕ್ಕೆ ಬೆಚ್ಚಿಬಿದ್ದು ಆಮೆನ್ ಎನ್ನಹೊರಟರೆ, ಆ ಮಾತು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ತಾವು ಕುಂಯ್ ಎಂದುಬಿಟ್ಟಿರಿ. ಕಣ್ಣು ಬಿಡುವಷ್ಟರಲ್ಲಿ ತಮ್ಮ ದೀಪವೂ ಆರಿತ್ತು. ಯಾರಿಗೆ ಒತ್ತಿದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ದಿನವಿಡೀ ಊರವರನ್ನು ಕುರ್ಚಿಯಲ್ಲಿ ಕೂರಿಸಿ, ಕೊನೆಯ ಸಾಲು ಓದಿ, ಕಾಣುತ್ತಾ, ಈಗ ಕಾಣುತ್ತಾ ಎಂದು ಪೀಡಿಸುವ ಮಹಾಶಯನ ಅವಸ್ಥೆ ಇದು.

ತಮ್ಮ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ವರ್ಷಗಟ್ಟಲೆ ಬೇಡಿದರೂ ಮೇಲಿನಿಂದ ಒಂದು ಸದ್ದನ್ನೂ ಕೇಳದವನಿಗೆ ತಾವು ಅರೆಕ್ಷಣದಲ್ಲಿ ಉತ್ತರ ಕೊಟ್ಟಿರಿ. ಯಾವ ಪಂಗಡ ಎಂದು ಕೇಳಲಿಲ್ಲ, ಯಾವ ಸಭೆ ಎಂದು ಕೇಳಲಿಲ್ಲ, ಕಣ್ಣು ಬಿಟ್ಟಿದ್ದಾನೋ ಮುಚ್ಚಿದ್ದಾನೋ ಎಂದೂ ವಿಚಾರಿಸಲಿಲ್ಲ. ನನ್ನ ದೂರು ಇರುವುದು ಅಲ್ಲೇ. ನನ್ನಂಥವನನ್ನು ಇಷ್ಟು ಸಲೀಸಾಗಿ ನಂಬಬಾರದಿತ್ತು. ಆದ್ದರಿಂದ ಮುಂದಿನ ಸಲ ಬರುವಾಗ ತಾವು ದಯಮಾಡಿ ಮೊಣಕಾಲೂರಲು ಒಂದು ಮೆತ್ತೆಯನ್ನು ಜೊತೆಗೆ ತರಬೇಕು. ಹೊಣೆಯೆಲ್ಲ ನೇರವಾಗಿ ಮೇಲಕ್ಕೆ ಹೋಗುವ ಹಾಗೆ, ದೇವರ ಚಿತ್ತದಂತಾಗಲಿ ಎಂಬ ಗುಂಡಿಯೊಂದನ್ನು ಇರಿಸಿಕೊಳ್ಳಬೇಕು. ಯಾರ ಮನಸ್ಸಿಗೂ ನೋವಾಗದಂತೆ, ಕಂಟ್ರಾಕ್ಟರರಿಗೆ ತೋರಿಸಲು ಒಂದು ಚೀಟಿ, ಅಕ್ಕನಿಗೆ ತೋರಿಸಲು ಬೇರೆ ಗುರುತಿನ ಇನ್ನೊಂದು ಚೀಟಿ ತಮ್ಮ ಹೊಟ್ಟೆಯಿಂದ ಹೊರಬರಬೇಕು. ಇದಾವುದೂ ಸಾಧ್ಯವಿಲ್ಲವಾದರೆ, ಕಣ್ಣು ಮುಚ್ಚಿ ಬಂದವನ ಬೆರಳಿಗೆ ಸಣ್ಣಗೆ ಶಾಕ್ ಹೊಡೆಯುವ ಏರ್ಪಾಡನ್ನಾದರೂ ಮಾಡಿಕೊಳ್ಳಬೇಕು.

ನನ್ನ ಹಿಂದೆಯೇ ಅಕ್ಕ ಕೋಲೂರಿಕೊಂಡು ತಮ್ಮ ಬಳಿ ಬಂದಳು, ನೆನಪಿರಬಹುದು. ಮೇಲಿಂದ ಕೆಳಗಿನವರೆಗೆ ಒಂದೊಂದೇ ಗುರುತನ್ನು ನೋಡಿ, ತನಗೆ ಬೇಕಾದ್ದು ಸಿಕ್ಕಿದ ಮೇಲೆ ಒತ್ತಿದೆ ಎಂದು ಹೊರಗೆ ಬಂದು ಹೇಳಿದಳು. ನಾನು ದೊಡ್ಡ ಭಕ್ತನ ಗತ್ತಿನಲ್ಲಿ, ಒಳಗೆ ಪ್ರಾರ್ಥನೆ ಮಾಡಲಿಲ್ಲವೇ ಎಂದು ವಿಚಾರಿಸಿದೆ.

“ಅದನ್ನ ಮನೇಲೇ ಮುಗಿಸಿ ಬಂದಿದ್ದೆ ಕಣೋ. ಇಲ್ಲಿ ನಾನು ಮಾಡೋ ಕೆಲಸ ಇತ್ತು,” ಎಂದಳು.

ಅಭ್ಯಾಸಬಲದಿಂದ ಕಣ್ಣು ಮುಚ್ಚಿದ್ದಲ್ಲ, ಆರಿಸುವ ಕೆಲಸದಿಂದ ತಪ್ಪಿಸಿಕೊಳ್ಳಲೆಂದೇ ಮುಚ್ಚಿದ್ದು ಎಂದು ನನಗೆ ಹೊಳೆದದ್ದು ಆಗಲೇ, ಮಾನ್ಯರೇ, ಆದರೆ ಅದನ್ನು ಅವಳ ಮುಂದೆ ಹೇಳಲು ನಾಚಿಕೆಯಾಯಿತು.

ಫಲಿತಾಂಶ ಎಲ್ಲರಿಗಿಂತ ಮೊದಲು ತಮಗೇ ಗೊತ್ತು. ಕಂಟ್ರಾಕ್ಟರರು ಗೆದ್ದರು. ಆರಾಧನೆ ಮುಗಿದ ಮೇಲೆ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು, ಬ್ರದರ್, ನಿಮ್ಮ ಪ್ರಾರ್ಥನೆ ಫಲಿಸಿತು ಎಂದರು; ಇಲ್ಲವೆನ್ನಲು ನನ್ನ ಬಳಿ ಏನು ಆಧಾರವಿತ್ತು? ಅವರು ಕೆಟ್ಟವರಲ್ಲ. ಅಕ್ಕನ ಕಾಲು ಹೇಗಿದೆ ಎಂದು ಪ್ರತಿ ವಾರ ಮನಸಾರೆ ವಿಚಾರಿಸುತ್ತಾರೆ, ಆ ಕಾಲು ಇನ್ನು ಮುಂದೆ ಎಲ್ಲಿಯವರೆಗೆ ನಡೆಯಬೇಕಾದೀತು ಎಂದು ಮಾತ್ರ ಯೋಚಿಸಿಲ್ಲ, ಯೋಚಿಸಿ ಎಂದು ನಾನೂ ಬಾಯಿ ಬಿಟ್ಟು ಹೇಳಿಲ್ಲ. ಈಗ ಚಿಕಿತ್ಸಾಲಯದ ಬಾಗಿಲಿಗೆ ಸ್ಥಳಾಂತರದ ನೋಟಿಸು ಅಂಟಿಸಿದ್ದಾರೆ. ಆಕ್ಷೇಪಣೆ ಇದ್ದವರು ಬುಧವಾರ ನಗರಸಭೆಯಲ್ಲಿ, ಹೊಸ ಸದಸ್ಯರಾದ ಕಂಟ್ರಾಕ್ಟರರ ಎದುರಿಗೇ ಎದ್ದು ನಿಂತು ಹೇಳಬೇಕಂತೆ. ಹೊಸ ಜಾಗಕ್ಕೆ ಬಸ್ಸು ಬದಲಿಸಿ ಹೋಗಬೇಕು, ಇಳಿದ ಮೇಲೂ ದೂರ ನಡೆಯಬೇಕು. ಅಕ್ಕನಿಂದ ಅದು ಆಗದ ಮಾತು. ಈ ವಿಷಯವನ್ನು ಭಾನುವಾರದ ಪ್ರಾರ್ಥನೆಯಲ್ಲಿ ಇಡೋಣ ಎಂದು ನಾನು ಸೂಚಿಸಿದೆ, ಅವಳು ನನ್ನನ್ನೊಮ್ಮೆ ನೋಡಿ ಕೋಲು ಕೈಗೆತ್ತಿಕೊಂಡಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದನ್ನು ಯಾರ ಮೇಲೆ ತೋರಿಸಬೇಕೋ ತಿಳಿಯದೆ, ತಿರುಗಿ ಬೈಯಲಾರದ ತಮಗೆ ಬರೆಯಲು ಕೂತೆ.

ಉತ್ತರಕ್ಕಾಗಿ ತಾವು ಶ್ರಮಪಡುವುದು ಬೇಡ, ಒಂದು ಕುಂಯ್ ಸಾಕು ಎಂದು ಕೋರುತ್ತಾ,

ಕಣ್ಣು ಮುಚ್ಚಿ ತಮ್ಮನ್ನು ನಂಬಿದ, ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ವಿ. ಸೂ.: ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಚೆನ್ನಾಗಿ ಬರೆದಿದ್ದೀಯ, ಬುಧವಾರವೂ ಇದನ್ನೇ ಹೇಳು ಎಂದಳು. ಅಲ್ಲಿ ಮಾತಾಡುವವರ ಹೆಸರು ಬರೆಸಲು ಇವತ್ತೇ ಕೊನೆಯ ದಿನವಾಗಿತ್ತಂತೆ. ನಾನು ಅಂಗಡಿಯಲ್ಲಿ ಕೂತು ತಮ್ಮನ್ನು ಹೊಗಳುತ್ತಿದ್ದ ಹೊತ್ತಿಗೆ ಅವಳು ಕೋಲೂರಿಕೊಂಡು ನಗರಸಭೆಗೆ ಹೋಗಿ, ಮಹಡಿ ಹತ್ತಿ, ಎಲ್ಲರಿಗಿಂತ ಮೊದಲು ನನ್ನ ಹೆಸರು ಬರೆಸಿ ಬಂದಿದ್ದಾಳೆ. ಬ್ಯಾಂಡೇಜು ರಕ್ತದಿಂದ ಒದ್ದೆಯಾಗಿದೆ. ಬದಲಾಯಿಸಿಕೊಂಡು ಬರಲು ಈಗ ಅವಳನ್ನು ಕರೆದುಕೊಂಡು ಹೊರಟಿದ್ದೇನೆ. ಚಿಕಿತ್ಸಾಲಯ ಇವತ್ತಿನ ಮಟ್ಟಿಗೆ ಇನ್ನೂ ಬೀದಿಯ ಕೊನೆಯಲ್ಲೇ ಇದೆ.